ಬ್ಯಾಡಗಿ ದರಪಟ್ಟಿ ಕ್ಲೌಡ್‌ಗೆ ಏರಿದ ಬಗೆ: ಸರ್ವರ್ ಸೈಡ್ ರೆಂಡರಿಂಗ್ ಆ್ಯಪ್ ಒಂದರ ಅನುಭವ

ಬ್ಯಾಡಗಿ ಮಾರುಕಟ್ಟೆಯಲ್ಲಿ ಒಣಮೆಣಸಿನಕಾಯಿ ಟೆಂಡರ್ ನಡೆಯುವುದು ಸೋಮವಾರ ಮತ್ತು ಗುರುವಾರ. ಆ ಎರಡು ದಿನ ದರ ಹೊರಬೀಳುವ ಹೊತ್ತಿಗೆ ಎಲ್ಲರೂ ಒಮ್ಮೆಲೇ ಮೊಬೈಲ್ ತೆರೆಯುತ್ತಾರೆ. ಉಳಿದ ಐದು ದಿನ ಪುಟ ನೋಡುವವರು ವಿರಳ. ಡಬ್ಬಿ, ಕಡ್ಡಿ, ಗುಂಟೂರು ಹೀಗೆ ತಳಿವಾರು ಕನಿಷ್ಠ, ಗರಿಷ್ಠ ಮತ್ತು ಮಾದರಿ ದರವನ್ನು ಕ್ವಿಂಟಲ್ ಲೆಕ್ಕದಲ್ಲಿ, ಜೊತೆಗೆ ಚೀಲಗಳ ಆವಕವನ್ನು ತೋರಿಸುವ ಚಿಕ್ಕ ವೆಬ್ ಆ್ಯಪ್ ಒಂದನ್ನು ಹುಬ್ಬಳ್ಳಿಯಲ್ಲಿ ಕಟ್ಟಿ ಕ್ಲೌಡ್‌ಗೆ ಏರಿಸಿದ ವಿವರ ಇಲ್ಲಿದೆ. ಬಳಸಿದ್ದು ನೆಕ್ಸ್ಟ್ ಜೆಎಸ್ 15 (ವೆಬ್ ಪುಟ ಕಟ್ಟುವ ಚೌಕಟ್ಟು), ನೋಡ್ 22 (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ), ಪೋಸ್ಟ್‌ಗ್ರೆಸ್ ಡೇಟಾಬೇಸ್ ಮತ್ತು ಗೂಗಲ್ ಕ್ಲೌಡ್ ರನ್ (ಆ್ಯಪ್‌ನ ಪ್ರತಿಗಳನ್ನು ಬೇಕಾದಾಗ ಎಬ್ಬಿಸಿ ಓಡಿಸುವ ಸೇವೆ).

ಸರ್ವರ್‌ನಲ್ಲೇ ಪುಟ ತಯಾರಿಸುವ ವಿಧಾನವನ್ನು ಆರಿಸಿದ್ದಕ್ಕೆ ಎರಡು ಕಾರಣ. ಹಳ್ಳಿಯ ದುರ್ಬಲ ಸಿಗ್ನಲ್‌ನಲ್ಲಿ ಜಾವಾಸ್ಕ್ರಿಪ್ಟ್ ಫೈಲುಗಳು ಇಳಿಯುವುದು ತಡವಾದರೂ ದರ ಮಾತ್ರ ಮೊದಲ ಎಚ್‌ಟಿಎಂಎಲ್‌ನಲ್ಲೇ ಕಾಣಬೇಕು. ಎರಡನೆಯದು ವಾಟ್ಸಾಪ್: ಅಲ್ಲಿ ಲಿಂಕ್ ಹಂಚಿದಾಗ ಮೂಡುವ ಶೀರ್ಷಿಕೆ ಮತ್ತು ಚಿತ್ರ ಸರ್ವರ್ ಕಳಿಸಿದ ಎಚ್‌ಟಿಎಂಎಲ್‌ನಿಂದಲೇ ಬರುತ್ತವೆ.

ಲ್ಯಾಪ್‌ಟಾಪಿನಲ್ಲಿ ಬೆಳೆದ ಕೋಡ್ ನಾಲ್ಕು ನಂಬಿಕೆಗಳನ್ನು ಒಳಗೇ ಇಟ್ಟುಕೊಂಡಿರುತ್ತದೆ: ಯಂತ್ರ ಒಂದೇ, ಅದು ಸದಾ ಎಚ್ಚರ ಇರುತ್ತದೆ, ಅದಕ್ಕೊಂದು ಡಿಸ್ಕ್ ಇದೆ, ಅದರ ಗಡಿಯಾರ ಭಾರತದ್ದು. ಕ್ಲೌಡ್ ರನ್‌ನಲ್ಲಿ ಈ ನಾಲ್ಕೂ ಹುಸಿ. ಎಡವಿದಲ್ಲೆಲ್ಲ ಹೆಚ್ಚಾಗಿ ಇವುಗಳಲ್ಲೊಂದು ಕಾಲಿಗೆ ತೊಡರಿತ್ತು.

ರೀಜನ್, ಅಂದರೆ ಸರ್ವರ್‌ಗಳಿರುವ ಜಾಗದ ಆಯ್ಕೆ ಸುಲಭ. ಮುಂಬೈ, ಅಂದರೆ ಏಷ್ಯಾ-ಸೌತ್1. ಮಾದರಿ ಕಮಾಂಡುಗಳಲ್ಲಿ ಅಮೆರಿಕದ ರೀಜನ್ ಬರೆದಿರುತ್ತದೆ. ಹಾಗೇ ನಕಲು ಮಾಡಿದರೆ ಪ್ರತಿ ಕೋರಿಕೆಯೂ ಸಮುದ್ರ ದಾಟಿ ಹೋಗಿ ಬರುತ್ತದೆ. ಆ್ಯಪ್ ಮತ್ತು ಡೇಟಾಬೇಸ್ ಒಂದೇ ರೀಜನ್‌ನಲ್ಲಿ ಇರಬೇಕು. ಒಂದು ಪುಟಕ್ಕೆ ನಾಲ್ಕು ಕ್ವೆರಿ ಒಂದಾದ ಮೇಲೊಂದು ಓಡಿದರೆ ಆ ದೂರದ ದಂಡವನ್ನು ನಾಲ್ಕು ಸಲ ತೆರಬೇಕಾಗುತ್ತದೆ.

ಕಂಟೇನರ್ ಇಮೇಜ್‌ಗೆ (ಆ್ಯಪ್ ಮತ್ತು ಅದು ಓಡಲು ಬೇಕಾದುದೆಲ್ಲ ತುಂಬಿದ ಕಟ್ಟು) ನೆಕ್ಸ್ಟ್‌ನ ಕಾನ್ಫಿಗ್ ಫೈಲಿನಲ್ಲಿ ಔಟ್‌ಪುಟ್ ಎಂಬುದನ್ನು ಸ್ಟ್ಯಾಂಡ್‌ಅಲೋನ್ ಎಂದು ಬರೆದೆವು. ಹೀಗೆ ಮಾಡಿದರೆ ಬಿಲ್ಡ್ ಮುಗಿದಾಗ ಓಡಲು ಬೇಕಾದ ಪ್ಯಾಕೇಜುಗಳು ಮಾತ್ರ ಒಂದು ಫೋಲ್ಡರಿಗೆ ಬಂದು, ಸರ್ವರ್ ಡಾಟ್ ಜೆಎಸ್ ಎಂಬ ಫೈಲ್ ಸಿಗುತ್ತದೆ. ಇಡೀ ನೋಡ್-ಮಾಡ್ಯೂಲ್ಸ್ ತುಂಬಿದ್ದಾಗ ಒಂದು ಜಿಬಿ ದಾಟಿದ್ದ ಇಮೇಜ್ ಅದರ ಮೂರನೇ ಒಂದು ಭಾಗಕ್ಕೆ ಇಳಿಯಿತು. ಆದರೆ ಪಬ್ಲಿಕ್ ಫೋಲ್ಡರ್ ಮತ್ತು ಡಾಟ್-ನೆಕ್ಸ್ಟ್ ಒಳಗಿನ ಸ್ಟ್ಯಾಟಿಕ್ ಫೋಲ್ಡರ್ ತಾವಾಗಿ ಅಲ್ಲಿಗೆ ಬರುವುದಿಲ್ಲ. ಇಮೇಜ್ ಕಟ್ಟುವ ಸೂಚನೆಗಳಿರುವ ಡಾಕರ್‌ಫೈಲ್‌ನಲ್ಲಿ ಎರಡು ಕಾಪಿ ಸಾಲು ಬೇರೆ ಬರೆಯಬೇಕು. ಮರೆತರೆ ತಪ್ಪು ಕೂಡಲೇ ಗೊತ್ತಾಗದು. ದರ ಎಚ್‌ಟಿಎಂಎಲ್‌ನಲ್ಲೇ ಇರುವುದರಿಂದ ಪುಟ ತೆರೆಯುತ್ತದೆ, ಅಂಕಿಗಳು ಕಾಣುತ್ತವೆ. ವಿನ್ಯಾಸ ಇರುವುದಿಲ್ಲ, ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ, ಬ್ರೌಸರಿನ ನೆಟ್‌ವರ್ಕ್ ಪಟ್ಟಿಯಲ್ಲಿ ಸಾಲುಸಾಲು 404, ಅಂದರೆ ಫೈಲ್ ಸಿಗಲಿಲ್ಲ.

ಕಂಟೇನರ್ ಏಳದೆ ಸತ್ತರೆ ಲಾಗ್‌ನಲ್ಲಿ ಸಿಗುವುದು ಒಂದೇ ದೂರು: ಪೋರ್ಟ್ ವೇರಿಯಬಲ್ ಹೇಳಿದ ಪೋರ್ಟ್‌ನಲ್ಲಿ ಕಂಟೇನರ್ ಕಿವಿಗೊಟ್ಟಿಲ್ಲ. ಇದರ ಹಿಂದೆ ಮೂರು ಬೇರೆ ಬೇರೆ ಕಾರಣ ಇರಬಹುದು. ಒಂದು, ಕ್ಲೌಡ್ ರನ್ ಕೊಡುವುದು 8080. ನಮ್ಮ ಸ್ಟಾರ್ಟ್ ಕಮಾಂಡ್‌ನಲ್ಲಿ 3000 ಎಂದು ಗಟ್ಟಿಯಾಗಿ ಬರೆದಿರುತ್ತದೆ. ಎರಡು, ಸರ್ವರ್ ಲೋಕಲ್‌ಹೋಸ್ಟ್‌ಗೆ ಮಾತ್ರ ಅಂಟಿಕೊಂಡಿರುತ್ತದೆ. ಸ್ಟ್ಯಾಂಡ್‌ಅಲೋನ್ ಸರ್ವರ್ ಹೋಸ್ಟ್‌ನೇಮ್ ಎಂಬ ವೇರಿಯಬಲ್ ಓದಿ ಆ ವಿಳಾಸಕ್ಕೆ ಅಂಟಿಕೊಳ್ಳುತ್ತದೆ, ಡಾಕರ್ ಅದೇ ಹೆಸರಿನಲ್ಲಿ ಕಂಟೇನರಿನ ಗುರುತನ್ನು ತುಂಬಿರುತ್ತದೆ. ಆದ್ದರಿಂದ ಡಾಕರ್‌ಫೈಲ್‌ನಲ್ಲಿ ಹೋಸ್ಟ್‌ನೇಮ್ 0.0.0.0 ಎಂದು ಸ್ಪಷ್ಟವಾಗಿ ಬರೆಯಬೇಕು. ಮೂರು, ಆ್ಯಪಲ್ ಚಿಪ್‌ನ ಮ್ಯಾಕ್‌ನಲ್ಲಿ ಕಟ್ಟಿದ ಇಮೇಜ್ ಆರ್ಮ್ ಜಾತಿಯದು, ಕ್ಲೌಡ್ ರನ್ ಓಡಿಸುವುದು ಎಎಂಡಿ64. ಆಗ ಲಾಗ್‌ನಲ್ಲಿ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಎಂಬ ಸಾಲೂ ಇರುತ್ತದೆ. ಬಿಲ್ಡ್ ಮಾಡುವಾಗ ಪ್ಲಾಟ್‌ಫಾರ್ಮ್ ಲಿನಕ್ಸ್ ಎಎಂಡಿ64 ಎಂದು ಹೇಳಿದರೆ, ಇಲ್ಲವೇ ಬಿಲ್ಡ್ ಕೆಲಸವನ್ನೇ ಕ್ಲೌಡ್‌ಗೆ ಒಪ್ಪಿಸಿದರೆ ಸರಿಹೋಗುತ್ತದೆ.

ಸ್ಟಾರ್ಟ್ ಕಮಾಂಡ್ ಎನ್‌ಪಿಎಂ (ನೋಡ್‌ನ ಪ್ಯಾಕೇಜ್ ಸಲಕರಣೆ) ಮೂಲಕ ಹೋಗಬಾರದು; ನೋಡ್ ನೇರವಾಗಿ ಸರ್ವರ್ ಡಾಟ್ ಜೆಎಸ್ ಓಡಿಸಬೇಕು. ಇನ್‌ಸ್ಟನ್ಸ್ (ಓಡುತ್ತಿರುವ ಆ್ಯಪ್‌ನ ಒಂದು ಪ್ರತಿ) ಮುಚ್ಚುವ ಮುನ್ನ ಕ್ಲೌಡ್ ರನ್ ಸಿಗ್‌ಟರ್ಮ್ ಎಂಬ ‘ಮುಗಿಸು’ ಸಂಕೇತ ಕಳಿಸಿ 10 ಸೆಕೆಂಡು ಕಾಯುತ್ತದೆ. ನಡುವೆ ಎನ್‌ಪಿಎಂ ಕುಳಿತಿದ್ದರೆ ಆ ಸಂಕೇತ ಆ್ಯಪ್‌ಗೆ ಸರಿಯಾಗಿ ಮುಟ್ಟುವ ಭರವಸೆ ಇಲ್ಲ, ಡೇಟಾಬೇಸ್ ಕನೆಕ್ಷನ್‌ಗಳು ಅರ್ಧಕ್ಕೇ ಹರಿಯುತ್ತವೆ.

ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿ (ಕೋಡಿನ ಹೊರಗಿನಿಂದ ಕೊಡುವ ಸೆಟ್ಟಿಂಗ್‌ಗಳು) ಎರಡು ಕಾಲ ಇವೆ ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಅರ್ಧ ಗೊಂದಲ ತಪ್ಪುತ್ತದೆ. ನೆಕ್ಸ್ಟ್-ಪಬ್ಲಿಕ್ ಎಂದು ಶುರುವಾಗುವ ಹೆಸರುಗಳ ಬೆಲೆಯನ್ನು ಬಿಲ್ಡ್ ಹೊತ್ತಿನಲ್ಲೇ ಬ್ರೌಸರ್ ಕೋಡಿನೊಳಗೆ ಅಕ್ಷರಶಃ ಅಚ್ಚೊತ್ತಲಾಗುತ್ತದೆ. ಆಮೇಲೆ ಕ್ಲೌಡ್ ರನ್ ಸೆಟ್ಟಿಂಗ್‌ನಲ್ಲಿ ಎಷ್ಟು ಸಲ ಬದಲಿಸಿದರೂ ಬ್ರೌಸರ್‌ಗೆ ಹೋಗುವುದು ಹಳೆಯದೇ. ಡೇಟಾಬೇಸ್ ಪಾಸ್‌ವರ್ಡ್ ಮಾತ್ರ ಇದಕ್ಕೆ ವಿರುದ್ಧ: ಅದು ಬಿಲ್ಡ್‌ನಲ್ಲಿ ಇರಲೇಬಾರದು, ಸೀಕ್ರೆಟ್ ಮ್ಯಾನೇಜರ್‌ನಿಂದ ಓಡುವ ಹೊತ್ತಿಗೆ ಸಿಗಬೇಕು.

ಇಲ್ಲೇ ನಮ್ಮನ್ನು ಹೆಚ್ಚು ಅಲೆಸಿದ ತಪ್ಪು ಅಡಗಿತ್ತು. ದರದ ಪುಟ ಡೇಟಾಬೇಸನ್ನು ನೇರವಾಗಿ ಓದುತ್ತದೆ. ಕುಕೀ, ಹೆಡರ್, ಹುಡುಕು ಪದ ಯಾವುದನ್ನೂ ಮುಟ್ಟದ ಪುಟವನ್ನು ನೆಕ್ಸ್ಟ್ ‘ಇದು ಬದಲಾಗದ ಪುಟ’ ಎಂದೇ ಎಣಿಸಿ ಬಿಲ್ಡ್ ಹೊತ್ತಿನಲ್ಲೇ ಒಮ್ಮೆ ತಯಾರಿಸಿ ಇಟ್ಟುಬಿಡುತ್ತದೆ. ಡೇಟಾಬೇಸ್ ಕ್ವೆರಿ ಅದರ ಕಣ್ಣಿಗೆ ಬೀಳುವುದಿಲ್ಲ. ಬಿಲ್ಡ್ ಯಂತ್ರಕ್ಕೆ ಡೇಟಾಬೇಸ್ ಸಿಗದಿದ್ದರೆ ಕನೆಕ್ಷನ್ ನಿರಾಕರಣೆಯಾಗಿ ಬಿಲ್ಡ್ ಮುರಿಯುತ್ತದೆ, ಅದು ಒಳ್ಳೆಯದೇ. ಸಿಕ್ಕಿಬಿಟ್ಟರೆ ಅಪಾಯ: ಆ ಕ್ಷಣದ ದರ ಹೆಪ್ಪುಗಟ್ಟಿ, ಮುಂದಿನ ಡಿಪ್ಲಾಯ್ (ಹೊಸ ಆವೃತ್ತಿ ಏರಿಸುವುದು) ತನಕ ಅದೇ ತೋರುತ್ತದೆ. ಡೆವಲಪ್‌ಮೆಂಟ್ ಮೋಡ್‌ನಲ್ಲಿ ಪ್ರತಿ ಸಲವೂ ಪುಟ ಹೊಸದಾಗಿ ತಯಾರಾಗುವುದರಿಂದ ಲ್ಯಾಪ್‌ಟಾಪಿನಲ್ಲಿ ಇದು ಎಂದೂ ಕಾಣಲಾರದು. ಬಿಲ್ಡ್ ಮುಗಿದಾಗ ಮೂಡುವ ಪಟ್ಟಿಯನ್ನು ಓದುವ ಅಭ್ಯಾಸ ಬೇಕು. ಪುಟದ ಹೆಸರಿನ ಹಿಂದೆ ಖಾಲಿ ಸೊನ್ನೆ ಇದ್ದರೆ ಸ್ಟ್ಯಾಟಿಕ್, ವಕ್ರವಾದ ಎಫ್ ಅಕ್ಷರ ಇದ್ದರೆ ಡೈನಾಮಿಕ್. ದರದ ಪುಟದ ಹೆಸರಿನ ಹಿಂದೆ ಸೊನ್ನೆ ಇತ್ತು. ಆ ಪುಟದ ಫೈಲಿನಲ್ಲಿ ಡೈನಾಮಿಕ್ ಎಂಬ ಸ್ಥಿರಾಂಕವನ್ನು ಫೋರ್ಸ್-ಡೈನಾಮಿಕ್ ಎಂದು ಎಕ್ಸ್‌ಪೋರ್ಟ್ ಮಾಡಿದ ಮೇಲೆ ಎಫ್ ಬಂತು.

ಗಡಿಯಾರದ ವಿಷಯ. ಕಂಟೇನರ್ ನಡೆಯುವುದು ಯುಟಿಸಿಯಲ್ಲಿ, ನಮಗಿಂತ ಐದೂವರೆ ತಾಸು ಹಿಂದೆ. ಮಧ್ಯರಾತ್ರಿಯಿಂದ ಬೆಳಿಗ್ಗೆ 5.30ರ ತನಕ ಸರ್ವರ್ ಲೆಕ್ಕದಲ್ಲಿ ಇನ್ನೂ ನಿನ್ನೆಯೇ. ನಸುಕಿನಲ್ಲಿ ಲಾರಿ ಇಳಿಸುವವರಿಗೆ ‘ಇಂದು’ ಎಂಬ ಶೀರ್ಷಿಕೆಯಡಿ ಹಿಂದಿನ ದಿನಾಂಕ ಕಂಡರೆ ಪುಟದ ಮೇಲಿನ ನಂಬಿಕೆಯೇ ಹೋಗುತ್ತದೆ. ಟಿಜೆಡ್ ವೇರಿಯಬಲ್‌ಗೆ ಏಷ್ಯಾ/ಕೋಲ್ಕತ್ತಾ ಎಂದು ಹಾಕಿದರೆ ನೋಡ್ ಸರಿಹೋಗುತ್ತದೆ, ಆದರೆ ಪೋಸ್ಟ್‌ಗ್ರೆಸ್ ಹೇಳುವ ‘ಇಂದಿನ ದಿನಾಂಕ’ ಅದರದೇ ಸೆಷನ್‌ನ ಕಾಲವಲಯದ್ದು. ಎರಡು ಕಡೆಯೂ ಕಾಲವಲಯವನ್ನು ಬಿಡಿಸಿ ಬರೆಯುವುದೇ ಗಟ್ಟಿ ದಾರಿ.

ಇದರ ಬೆನ್ನಿಗೇ ಅಂಟಿಕೊಂಡದ್ದು ಹೈಡ್ರೇಷನ್ ತಪ್ಪು. ಸರ್ವರ್ ಬರೆದ ಪಠ್ಯ ಮತ್ತು ಬ್ರೌಸರಿನಲ್ಲಿ ರಿಯಾಕ್ಟ್ (ನೆಕ್ಸ್ಟ್‌ಗೆ ಅಡಿಪಾಯವಾದ ಲೈಬ್ರರಿ) ಮತ್ತೆ ಲೆಕ್ಕ ಹಾಕಿದ ಪಠ್ಯ ಒಂದಕ್ಷರವೂ ಬೇರೆಯಾಗಬಾರದು. ಲೊಕೇಲ್ (ಯಾವ ಭಾಷೆ, ದೇಶದ ಬರಹ ರೂಢಿ ಎಂಬುದು) ಹೇಳದೆ ಅಂಕಿಯನ್ನು ಪಠ್ಯವಾಗಿಸಿದರೆ ಸರ್ವರ್ 125,000 ಚೀಲ ಎನ್ನುತ್ತದೆ, ಭಾರತದ ಫೋನ್ 1,25,000 ಎನ್ನುತ್ತದೆ. ಮಾರ್ಚ್ 9 ಸರ್ವರ್‌ಗೆ 3/9, ಫೋನಿಗೆ 9/3. ಪ್ರೊಡಕ್ಷನ್‌ನಲ್ಲಿ ಇದು ರಿಯಾಕ್ಟ್ ಎರರ್ 418 ಎಂಬ ಸಂಖ್ಯೆಯಾಗಿ ಮಾತ್ರ ಕಾಣುತ್ತದೆ. ಪುಟ ಒಮ್ಮೆ ಮಿಣುಕಿ ಅಂಕಿ ಬದಲಾಗುತ್ತದೆ. ಲೊಕೇಲನ್ನು ಕನ್ನಡ-ಭಾರತ ಎಂದು ಬರೆದರೂ ನೋಡ್‌ನ ಮತ್ತು ಹಳೆಯ ಫೋನಿನ ಭಾಷಾ ದತ್ತಾಂಶದ ಆವೃತ್ತಿ ಬೇರೆ ಇದ್ದರೆ ತಿಂಗಳ ಹೆಸರಿನ ಸಂಕ್ಷೇಪ, ಅಲ್ಪವಿರಾಮ ಬದಲಾಗಬಹುದು. ಹಾಗಾಗಿ ದಿನಾಂಕ, ದರ, ಆವಕ ಮೂರನ್ನೂ ಸರ್ವರ್‌ನಲ್ಲೇ ಪಠ್ಯವಾಗಿಸಿ, ಬ್ರೌಸರ್ ಬದಿಯ ಭಾಗಕ್ಕೆ ಸಿದ್ಧ ಪಠ್ಯವನ್ನೇ ದಾಟಿಸುತ್ತೇವೆ. ಅಲ್ಲಿ ಮತ್ತೆ ಲೆಕ್ಕ ಇಲ್ಲ.

ಮೊದಲು ಡೇಟಾಬೇಸ್ ಹೊರೆ ಇಳಿಸಲು ಪುಟವನ್ನು ಕ್ಯಾಶ್ ಮಾಡಿ (ಒಮ್ಮೆ ತಯಾರಿಸಿ ಎತ್ತಿಟ್ಟುಕೊಂಡು), ಹೊಸ ದರ ಬಂದಾಗ ಆ ಕ್ಯಾಶನ್ನು ಅಳಿಸುವ ವ್ಯವಸ್ಥೆ ಇತ್ತು. ಗುರುವಾರ ಸಂಜೆ ಬ್ಯಾಡಗಿಯ ವರ್ತಕರೊಬ್ಬರ ಫೋನ್: “ಯಾಕ್ರೀ ಸರ, ಒಮ್ಮೆ ತಗದ್ರ ಇವತ್ತಿಂದು ತೋರಸ್ತೈತಿ, ಇನ್ನೊಮ್ಮೆ ತಗದ್ರ ಸೋಮವಾರದ್ದ ತೋರಸ್ತೈತಿ?” ಅವರು ಒಂದೇ ಮಾತಿನಲ್ಲಿ ರೋಗವನ್ನು ಸರಿಯಾಗಿ ಹೇಳಿದ್ದರು. ನೆಕ್ಸ್ಟ್‌ನ ಕ್ಯಾಶ್ ಮೂಲತಃ ಆಯಾ ಇನ್‌ಸ್ಟನ್ಸ್‌ನ ಮೆಮೊರಿ ಮತ್ತು ಫೈಲುಗಳಲ್ಲಿ ಇರುತ್ತದೆ. ಆ ಹೊತ್ತಿಗೆ ಮೂರು ಇನ್‌ಸ್ಟನ್ಸ್ ಓಡುತ್ತಿದ್ದವು. ಕ್ಯಾಶ್ ಅಳಿಸುವ ಕೋರಿಕೆ ಮುಟ್ಟಿದ್ದು ಒಂದಕ್ಕೆ. ಉಳಿದೆರಡು ಸೋಮವಾರದ ದರವನ್ನೇ ಹಿಡಿದುಕೊಂಡಿದ್ದವು. ಎಲ್ಲ ಇನ್‌ಸ್ಟನ್ಸ್‌ಗಳಿಗೂ ಒಂದೇ ಕ್ಯಾಶ್ ಬೇಕಿದ್ದರೆ ರೆಡಿಸ್‌ನಂಥ ಎಲ್ಲಕ್ಕೂ ಸಾಮಾನ್ಯವಾದ ಸಂಗ್ರಹವನ್ನು ಇಟ್ಟು ನೆಕ್ಸ್ಟ್‌ಗೆ ಸ್ವಂತ ಕ್ಯಾಶ್ ಹ್ಯಾಂಡ್ಲರ್ ಬರೆಯಬೇಕು. ಈ ಆ್ಯಪ್‌ಗೆ ಅಷ್ಟು ಬೇಡ ಅನ್ನಿಸಿತು. ದಿನಾಂಕ ಮತ್ತು ತಳಿ ಸೇರಿಸಿ ಇಂಡೆಕ್ಸ್ ಹಾಕಿದ ಟೇಬಲ್‌ನಿಂದ ಒಂದು ದಿನದ ಸಾಲುಗಳನ್ನು ಓದುವುದು ಪೋಸ್ಟ್‌ಗ್ರೆಸ್‌ಗೆ ಹೊರೆಯೇ ಅಲ್ಲ. ಇನ್‌ಸ್ಟನ್ಸ್ ಒಳಗೆ 20 ಸೆಕೆಂಡಿನ ಪುಟ್ಟ ಕ್ಯಾಶ್ ಸಾಕಾಯಿತು. ದರ 20 ಸೆಕೆಂಡು ತಡವಾಗಿ ಬಂದರೆ ಯಾರ ವ್ಯಾಪಾರವೂ ಕೆಡದು.

ಡೇಟಾಬೇಸ್ ಕನೆಕ್ಷನ್‌ಗಳ ಗುಣಾಕಾರವನ್ನು ಮೊದಲೇ ಕಾಗದದ ಮೇಲೆ ಮಾಡಬೇಕು. ಗೂಗಲ್‌ನ ಡೇಟಾಬೇಸ್ ಸೇವೆ ಕ್ಲೌಡ್ ಎಸ್‌ಕ್ಯೂಎಲ್‌ನಲ್ಲಿ 1.7 ಜಿಬಿ ಮೆಮೊರಿಯ ಸಣ್ಣ ಪೋಸ್ಟ್‌ಗ್ರೆಸ್ ಯಂತ್ರಕ್ಕೆ ಮೂಲ ಮಿತಿ 50 ಕನೆಕ್ಷನ್, ಅದರಲ್ಲೂ ಕೆಲವು ನಿರ್ವಾಹಕರಿಗೆ ಮೀಸಲು. ನೋಡ್‌ನ ಪಿಜಿ ಲೈಬ್ರರಿಯ ಪೂಲ್ (ಒಂದು ಇನ್‌ಸ್ಟನ್ಸ್ ತೆರೆದಿಡುವ ಕನೆಕ್ಷನ್‌ಗಳ ಗುಂಪು) ಸುಮ್ಮನೆ ಬಿಟ್ಟರೆ 10. ಇನ್‌ಸ್ಟನ್ಸ್ ಮಿತಿ 8 ಇದ್ದರೆ 80, ಅಂದರೆ ದಟ್ಟಣೆಯ ಹೊತ್ತಿಗೆ ಸರಿಯಾಗಿ ‘ಟೂ ಮೆನಿ ಕ್ಲೈಂಟ್ಸ್’ ಎಂಬ ತಪ್ಪು. ಪೂಲ್ 5ಕ್ಕೆ ಇಳಿಸಿ 8ರಿಂದ ಗುಣಿಸಿದರೆ 40, ಸಾಕು ಎಂದು ತೋರುತ್ತದೆ. ಸಾಲದು. ಹೊಸ ರಿವಿಷನ್ (ಆ್ಯಪ್‌ನ ಒಂದು ಆವೃತ್ತಿ) ಏರಿಸುವಾಗ ಕೆಲಹೊತ್ತು ಹಳೆಯದೂ ಹೊಸದೂ ಒಟ್ಟಿಗೆ ಓಡುತ್ತವೆ. ರಿವಿಷನ್‌ಗೆ ಹಾಕಿದ ಮಿತಿ ಎರಡಕ್ಕೂ ಬೇರೆ ಬೇರೆ. ಆದ್ದರಿಂದ ಇನ್‌ಸ್ಟನ್ಸ್ 4, ಪೂಲ್ 5, ಎರಡು ರಿವಿಷನ್ ಸೇರಿ 40. ಒಂದು ಇನ್‌ಸ್ಟನ್ಸ್ ಏಕಕಾಲಕ್ಕೆ ತೆಗೆದುಕೊಳ್ಳುವ ಕೋರಿಕೆ ಮೂಲತಃ 80, ಹಾಗಾಗಿ ನಾಲ್ಕು ಇನ್‌ಸ್ಟನ್ಸ್ ಅಂದರೆ 320. ಆದರೆ ಪುಟ ತಯಾರಿಸುವುದು ಸಿಪಿಯು ಕೆಲಸ, ನೋಡ್ ಜಾವಾಸ್ಕ್ರಿಪ್ಟನ್ನು ಒಂದೇ ಎಳೆಯಲ್ಲಿ ಓಡಿಸುತ್ತದೆ. ಭಾರವಾದ ಪುಟಗಳಿರುವ ಆ್ಯಪ್ ಆದರೆ 80 ಅನ್ನು 40ಕ್ಕೋ 20ಕ್ಕೋ ಇಳಿಸಿ ನೋಡುವುದು ಒಳ್ಳೆಯದು.

ಸದಾ ಎಚ್ಚರ ಇರುವ ಯಂತ್ರ ಎಂಬ ನಂಬಿಕೆ ಮುರಿದದ್ದು ದರ ತುಂಬಿಸುವ ಕೆಲಸದಲ್ಲಿ. ಆ್ಯಪ್ ಒಳಗೇ ಹತ್ತು ನಿಮಿಷಕ್ಕೊಮ್ಮೆ ಓಡುವ ಟೈಮರ್ ಇತ್ತು. ಕ್ಲೌಡ್ ರನ್ ಮೂಲ ವ್ಯವಸ್ಥೆಯಲ್ಲಿ ಕೋರಿಕೆ ನಡೆಯುತ್ತಿರುವಾಗ ಮಾತ್ರ ಸಿಪಿಯು ಕೊಡುತ್ತದೆ. ಉತ್ತರ ಹೋದ ಮೇಲೆ ಟೈಮರ್ ಜೋಂಪು ಹತ್ತಿದ ಹಾಗೆ. ಯಾರೂ ಪುಟ ನೋಡದಿದ್ದರೆ ಇನ್‌ಸ್ಟನ್ಸ್ ಇರುವುದೇ ಇಲ್ಲ. ಜನ ನೋಡುತ್ತಿದ್ದಾಗ ದರ ತುಂಬುತ್ತದೆ, ನೋಡದಿದ್ದಾಗ ತುಂಬುವುದಿಲ್ಲ ಎಂಬ ವಿಚಿತ್ರ ಲಕ್ಷಣ ಇದರಿಂದಲೇ. ಕೆಲಸವನ್ನು ಹೊತ್ತಿಗೆ ಸರಿಯಾಗಿ ಕರೆ ಮಾಡುವ ಕ್ಲೌಡ್ ಶೆಡ್ಯೂಲರ್‌ಗೆ ಒಪ್ಪಿಸಿದೆವು: */10 12-20 * * 1,4, ಅಂದರೆ ಸೋಮವಾರ, ಗುರುವಾರ ಮಧ್ಯಾಹ್ನ 12ರಿಂದ ರಾತ್ರಿ 8.50ರ ತನಕ ಹತ್ತು ನಿಮಿಷಕ್ಕೊಮ್ಮೆ, ಕಾಲವಲಯ ಏಷ್ಯಾ/ಕೋಲ್ಕತ್ತಾ. ಅದು ಕರೆಯುವ ವಿಳಾಸವನ್ನು ಬೇರೆ ಸರ್ವಿಸ್ ಆಗಿ ಇಟ್ಟು, ಸಾರ್ವಜನಿಕರಿಗೆ ಮುಚ್ಚಿ, ಶೆಡ್ಯೂಲರ್‌ನ ಸರ್ವಿಸ್ ಅಕೌಂಟ್‌ಗೆ ಮಾತ್ರ ಅನುಮತಿ. ಶೆಡ್ಯೂಲರ್ ಅಪರೂಪಕ್ಕೆ ಒಂದೇ ಕರೆಯನ್ನು ಎರಡು ಸಲ ಮಾಡಬಹುದು, ಹಾಗಾಗಿ ದಿನಾಂಕ ಮತ್ತು ತಳಿ ಜೋಡಿಗೆ ಯೂನಿಕ್ ನಿರ್ಬಂಧ ಹಾಕಿ, ಸಾಲು ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು ಎಂದು ಕ್ವೆರಿ ಬರೆಯಬೇಕು.

ಮಲಗಿದ್ದ ಆ್ಯಪ್ ಏಳಲು ತಗಲುವ ಹೊತ್ತನ್ನು ತಪ್ಪಿಸಲು ಕನಿಷ್ಠ ಇನ್‌ಸ್ಟನ್ಸ್ 1 ಎಂದು ಇಡಬಹುದು, ಅದಕ್ಕೆ ದುಡ್ಡು ಬೀಳುತ್ತದೆ. ಮಾರುಕಟ್ಟೆ ದಿನ ಬೆಳಿಗ್ಗೆ 1, ರಾತ್ರಿ 0. ಈ ಸಂಖ್ಯೆಯನ್ನು ರಿವಿಷನ್ ಮಟ್ಟದಲ್ಲಿ ಬದಲಿಸಿದರೆ ಪ್ರತಿ ಸಲ ಹೊಸ ರಿವಿಷನ್ ಹುಟ್ಟುತ್ತದೆ. ಸರ್ವಿಸ್ ಮಟ್ಟದಲ್ಲಿ ಬದಲಿಸಿದರೆ ಹುಟ್ಟುವುದಿಲ್ಲ.

ಡಿಸ್ಕ್ ಎಂದು ಕಾಣುವುದೂ ಮೆಮೊರಿಯೇ. ನೆಕ್ಸ್ಟ್ ಚಿತ್ರಗಳನ್ನು ಕಿರಿದು ಮಾಡಿ ಕ್ಯಾಶ್ ಫೋಲ್ಡರಿನಲ್ಲಿ ಇಡುತ್ತಾ ಹೋದಂತೆ 512 ಎಂಐಬಿ ಮಿತಿ ತುಂಬಿ ಇನ್‌ಸ್ಟನ್ಸ್ ಬೀಳುತ್ತಿತ್ತು. ತಳಿಗಳ ಫೋಟೋಗಳನ್ನು ಮೊದಲೇ ಕಿರಿದಾಗಿಸಿ ಸ್ಟೋರೇಜ್ ಬಕೆಟ್‌ಗೆ (ಫೈಲುಗಳನ್ನು ಇಡುವ ಕ್ಲೌಡ್ ಜಾಗ) ಹಾಕಿದ ಮೇಲೆ ಆ ತೊಂದರೆ ಹೋಯಿತು.

ಕನ್ನಡದಲ್ಲಿ ಆ್ಯಪ್ ಮಾಡುವವರಿಗೆ ಮಾತ್ರ ಎದುರಾಗುವ ಕೆಲವು ಸಂಗತಿಗಳಿವೆ. ಇವುಗಳ ಬಗ್ಗೆ ಬರೆದವರು ಕಡಿಮೆ, ಆದ್ದರಿಂದ ಸ್ವಲ್ಪ ವಿವರವಾಗಿ. ವಾಟ್ಸಾಪ್‌ನಲ್ಲಿ ಹಂಚುವ ದರದ ಚಿತ್ರವನ್ನು ನೆಕ್ಸ್ಟ್ ಜೊತೆ ಬರುವ ಇಮೇಜ್-ರೆಸ್ಪಾನ್ಸ್‌ನಿಂದ ಮಾಡಿದಾಗ ಒತ್ತಕ್ಷರಗಳು ಒಡೆದವು. ಅದರ ಒಳಗಿನ ಸಟೋರಿ ಎಂಬ ಲೈಬ್ರರಿ ಫಾಂಟಿನ ಓಪನ್‌ಟೈಪ್ ಜೋಡಣೆಯ ನಿಯಮಗಳನ್ನು ಪಾಲಿಸುವುದಿಲ್ಲ. ಎಸ್‌ವಿಜಿ ಬರೆದು ಶಾರ್ಪ್ ಲೈಬ್ರರಿಯಿಂದ ಪಿಎನ್‌ಜಿ ಮಾಡಿದರೆ ಅಕ್ಷರ ಸರಿಯಾಗಿ ಕೂಡುತ್ತವೆ. ಆದರೆ ಲ್ಯಾಪ್‌ಟಾಪಿನಲ್ಲಿ ಅಚ್ಚುಕಟ್ಟಾಗಿ ಬಂದ ಚಿತ್ರ ಕಂಟೇನರ್‌ನಲ್ಲಿ ಬರೀ ಚೌಕಗಳಾಗಿ ಬಂತು, ಏಕೆಂದರೆ ಸ್ಲಿಮ್ ಇಮೇಜ್‌ನಲ್ಲಿ ಕನ್ನಡ ಫಾಂಟ್ ಒಂದೂ ಇಲ್ಲ. ಡಾಕರ್‌ಫೈಲಿನ ಕೊನೆಯ ಹಂತದಲ್ಲಿ ಫಾಂಟ್‌ಕಾನ್ಫಿಗ್ ಮತ್ತು ನೋಟೋ ಫಾಂಟ್‌ಗಳ ಪ್ಯಾಕೇಜ್ ಹಾಕಬೇಕು. ಡೆಬಿಯನ್‌ನಲ್ಲಿ ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್‌ಗಳೂ ಸಿಗುತ್ತವೆ. ಬಿಲ್ಡ್ ಹಂತದಲ್ಲಿ ಹಾಕಿ ಕೊನೆಯ ಹಂತದಲ್ಲಿ ಮರೆತರೆ ಮತ್ತೆ ಚೌಕವೇ.

ದರಪಟ್ಟಿಯ ಸಿಎಸ್‌ವಿ ಫೈಲಿಗೆ ಕನ್ನಡ ಹೆಸರು ಕೊಟ್ಟಾಗ 500, ಅಂದರೆ ಸರ್ವರ್ ತಪ್ಪು ಬಂತು. ಲಾಗ್ ಹೇಳಿದ್ದು: ಅಕ್ಷರದ ಬೆಲೆ 3244, ಅದು 255ಕ್ಕಿಂತ ಹೆಚ್ಚು. 3244 ಅಂದರೆ ಯೂನಿಕೋಡ್‌ನಲ್ಲಿ ‘ಬ’. ಎಚ್‌ಟಿಟಿಪಿ ಹೆಡರ್‌ನಲ್ಲಿ ಕನ್ನಡ ಅಕ್ಷರವನ್ನು ನೇರವಾಗಿ ಇಡುವಂತಿಲ್ಲ. ಹೆಸರನ್ನು ಪರ್ಸೆಂಟ್ ಎನ್‌ಕೋಡ್ ಮಾಡಿ, ಫೈಲ್‌ನೇಮ್ ಪದದ ಕೊನೆಗೆ ನಕ್ಷತ್ರ ಚಿಹ್ನೆ ಇರುವ ರೂಪದಲ್ಲಿ, ಯುಟಿಎಫ್-8 ಎಂದು ಹೇಳಿ ಕಳಿಸಬೇಕು. ರೀಡೈರೆಕ್ಟ್ ವಿಳಾಸಕ್ಕೂ ಇದೇ ನಿಯಮ. ‘ಬ್ಯಾಡಗಿ’ ಎಂಬುದರಲ್ಲಿ ಏಳು ಯೂನಿಕೋಡ್ ಘಟಕಗಳು, ಒಂದೊಂದಕ್ಕೆ ಮೂರು ಬೈಟ್, ಎನ್‌ಕೋಡ್ ಆದ ಮೇಲೆ 63 ಅಕ್ಷರ. ಡೇಟಾಬೇಸ್‌ನಲ್ಲಿ ವಿಳಾಸದ ಕಾಲಮ್‌ಗೆ 50ರ ಮಿತಿ ಹಾಕಿ, ಎನ್‌ಕೋಡ್ ಆದ ರೂಪವನ್ನೇ ಉಳಿಸುತ್ತಿದ್ದರೆ ಒಂದು ಪದವೂ ಹಿಡಿಸದು. ವಿಳಾಸದ ಭಾಗಗಳನ್ನು ಪುಟಕ್ಕೆ ಕೊಡುವ ನೆಕ್ಸ್ಟ್‌ನ ಪ್ಯಾರಾಮ್ಸ್‌ನಲ್ಲೂ ಇದೇ ಎನ್‌ಕೋಡ್ ರೂಪ ಬರುತ್ತದೆ, ಡಿಕೋಡ್ ಮಾಡಿಯೇ ಹುಡುಕಬೇಕು.

ಖರ್ಚಿನಲ್ಲಿ ಕ್ಲೌಡ್ ರನ್ ದೊಡ್ಡದಲ್ಲ. ತಿಂಗಳಿಗೆ 20 ಲಕ್ಷ ಕೋರಿಕೆ ತನಕ ಉಚಿತ ಮಿತಿ ಇದೆ. ಬಿಲ್‌ನ ದೊಡ್ಡ ಸಾಲು ಡೇಟಾಬೇಸ್, ಏಕೆಂದರೆ ಅದು ಮಲಗುವುದಿಲ್ಲ. ಬಜೆಟ್ ಅಲರ್ಟ್ ಇಮೇಲ್ ಕಳಿಸುತ್ತದೆ ಅಷ್ಟೇ, ಖರ್ಚನ್ನು ನಿಲ್ಲಿಸುವುದಿಲ್ಲ. ಇನ್‌ಸ್ಟನ್ಸ್ ಮಿತಿಯೇ ನಿಜವಾದ ತಡೆಗೋಡೆ.

ಹೊಸ ಆವೃತ್ತಿಯನ್ನು ಟ್ರಾಫಿಕ್ ಇಲ್ಲದೆ, ಒಂದು ಟ್ಯಾಗ್ ಹಾಕಿ ಏರಿಸುತ್ತೇವೆ. ಟ್ಯಾಗ್‌ಗೆ ಬೇರೆ ವಿಳಾಸ ಸಿಗುತ್ತದೆ, ಅಲ್ಲಿ ಪರೀಕ್ಷಿಸಿ 10 ಪ್ರತಿಶತ ಜನರಿಗೆ ತೆರೆಯುವುದು. ಆದರೆ ಸ್ಟ್ಯಾಟಿಕ್ ಫೈಲುಗಳು ಕಂಟೇನರ್ ಒಳಗೇ ಇದ್ದರೆ ಈ 10-90 ಹಂಚಿಕೆಯೇ ಪುಟವನ್ನು ಕೆಡಿಸುತ್ತದೆ: ಎಚ್‌ಟಿಎಂಎಲ್ ಹೊಸ ರಿವಿಷನ್‌ನಿಂದ, ಅದು ಕೇಳುವ ಸ್ಕ್ರಿಪ್ಟ್ ಕೋರಿಕೆ ಹೋಗುವುದು ಹಳೆಯದಕ್ಕೆ, ಅಲ್ಲಿ ಆ ಹೆಸರಿನ ಫೈಲ್ ಇಲ್ಲ, 404. ಬೆಳಿಗ್ಗೆಯಿಂದ ಪುಟ ತೆರೆದಿಟ್ಟುಕೊಂಡವರಿಗೂ ಇದೇ ಗತಿ. ಹಾಗಾಗಿ ಸ್ಟ್ಯಾಟಿಕ್ ಫೋಲ್ಡರನ್ನು ಮೊದಲು ಬಕೆಟ್‌ಗೆ ಏರಿಸಿ, ಕಾನ್ಫಿಗ್‌ನಲ್ಲಿ ಅಸೆಟ್-ಪ್ರಿಫಿಕ್ಸ್ ಆಗಿ ಬಕೆಟ್‌ನ ವಿಳಾಸ ಕೊಟ್ಟು, ಆಮೇಲೆ ಡಿಪ್ಲಾಯ್. ಹಳೆಯ ಫೈಲುಗಳನ್ನು ಒಂದು ತಿಂಗಳು ಅಳಿಸುವುದಿಲ್ಲ. ಬಕೆಟ್‌ಗೆ ಕಾರ್ಸ್ ಅನುಮತಿ (ಬೇರೆ ವಿಳಾಸದ ಪುಟ ತನ್ನ ಫೈಲ್ ಬಳಸಲು ಒಪ್ಪಿಗೆ) ಹಾಕದಿದ್ದರೆ ಸ್ಕ್ರಿಪ್ಟ್ ಬಂದರೂ ಕನ್ನಡ ವೆಬ್ ಫಾಂಟ್ ಬರುವುದಿಲ್ಲ, ಬ್ರೌಸರ್ ತಡೆಯುತ್ತದೆ.

ಸೋಮವಾರ, ಗುರುವಾರ ಡಿಪ್ಲಾಯ್ ಇಲ್ಲ. ಕೆಟ್ಟರೆ ಹಳೆಯ ರಿವಿಷನ್‌ಗೆ ನೂರಕ್ಕೆ ನೂರು ಟ್ರಾಫಿಕ್ ತಿರುಗಿಸುವುದು ಒಂದೇ ಕಮಾಂಡ್, ಬಿಲ್ಡ್ ಬೇಕಿಲ್ಲ. ಆದರೆ ಡೇಟಾಬೇಸ್ ಹಾಗೆ ಹಿಂದೆ ಸರಿಯುವುದಿಲ್ಲ. ಹೊಸ ಕೋಡಿಗಾಗಿ ಕಾಲಮ್ ಒಂದರ ಹೆಸರು ಬದಲಿಸಿದ್ದರೆ ಹಳೆಯ ರಿವಿಷನ್ ಅದನ್ನು ಹುಡುಕಿ ಬೀಳುತ್ತದೆ. ಅದಕ್ಕೆ ಹೊಸ ಕಾಲಮ್ ಮೊದಲು ಸೇರಿಸಿ, ಎರಡಕ್ಕೂ ಬರೆಯುತ್ತಾ, ಓದುವುದನ್ನು ಮಾತ್ರ ಹೊಸದಕ್ಕೆ ಬದಲಿಸುತ್ತೇವೆ. ಹಳೆಯ ಕಾಲಮ್ ತೆಗೆಯುವ ಮೈಗ್ರೇಷನ್ ಓಡುವುದು ಇನ್ನೆರಡು ಮಾರುಕಟ್ಟೆ ದಿನ ಕಳೆದ ಮೇಲೆ.